ಮನೆಮಂದಿಯೆಲ್ಲ ಸೇರಿ ಬರೆಯುವ ತೋಟದ ದಿನಚರಿ

(ಅರಳಗುಪ್ಪೆಯಲ್ಲಿ ಸೇರಿದ್ದ ತೆಂಗು ಬೆಳೆಗಾರ ಕುಟುಂಬಗಳ ಸಭೆಯಲ್ಲಿ ರೈತರೊಬ್ಬರು ಮಾಡಿದ ಭಾಷಣ)



ನಾನು ವಿಜ್ಞಾನಿಯಲ್ಲ. ಈ ಊರಿನ ಮಗ್ಗುಲಲ್ಲೇ ನಾಲ್ಕು ಎಕರೆ ತೆಂಗಿನ ತೋಟ ಮಾಡಿಕೊಂಡಿರುವ ಒಬ್ಬ ಸಾಮಾನ್ಯ ರೈತ. ತಳಿ, ಗೊಬ್ಬರ, ಔಷಧಿಗಳ ವಿಷಯ ಹೇಳಲು ನನಗಿಂತ ಬಲ್ಲವರು ಇಲ್ಲಿ ಕುಳಿತಿದ್ದಾರೆ. ನಮ್ಮ ಮನೆಯಲ್ಲಿ ಸುಮಾರು ಇಪ್ಪತ್ತೈದು ವರ್ಷಗಳಿಂದ ಎಲ್ಲರೂ ಸೇರಿ ಬರೆಯುತ್ತ ಬಂದಿರುವ ಒಂದು ಪುಸ್ತಕದ ವಿಷಯವನ್ನು ಮಾತ್ರ ಹೇಳುತ್ತೇನೆ. ಅದು ಜಮಾ–ಖರ್ಚಿನ ಪುಸ್ತಕವಲ್ಲ. ಮಳೆ, ಗಾಳಿ, ಮರ, ಹುಳು, ಹಕ್ಕಿಗಳ ಪುಸ್ತಕ. ಮಕ್ಕಳು ಅದಕ್ಕೆ ‘ತೋಟದ ದಿನಚರಿ’ ಎಂದು ಹೆಸರಿಟ್ಟಿದ್ದಾರೆ.

ಒಂದು ಪ್ರಶ್ನೆಗೆ ನಾಲ್ಕು ಉತ್ತರ

ತೆಂಗಿನ ನುಸಿ ಪೀಡೆಯನ್ನು ನೀವು ಯಾರೂ ಮರೆತಿಲ್ಲ. 1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡ ಈ ಪೀಡೆ ಆಮೇಲೆ ನಮ್ಮ ಸೀಮೆಗೂ ಬಂತು. ಎಳೆಗಾಯಿಯ ತೊಟ್ಟಿನ ಕೆಳಗೆ ಮುಕ್ಕೋನದ ಬಿಳಿ ಮಚ್ಚೆ ಮೂಡಿ, ಅದು ಕಂದು ಬಣ್ಣಕ್ಕೆ ತಿರುಗಿ, ಸಿಪ್ಪೆ ಬಿರಿದು, ಕಾಯಿ ಸಣ್ಣದಾಗಿ ಹೋಗುತ್ತಿತ್ತು. ನಮ್ಮ ತೋಟ ನೋಡಲು ಬಂದ ಅಧಿಕಾರಿಯೊಬ್ಬರು ಮೊದಲು ಕೇಳಿದ ಪ್ರಶ್ನೆ, “ಇದು ಯಾವಾಗಿನಿಂದ ಇದೆ?” ಎಂದು.

ನಾನು, “ಈಗ ಎರಡು ತಿಂಗಳಿಂದ ಸ್ವಾಮಿ” ಎಂದೆ. ನಮ್ಮ ಮನೆಯವರು ಒಳಗಿನಿಂದಲೇ, “ಎರಡು ತಿಂಗಳೇನು, ಸಂಕ್ರಾಂತಿ ಹೊತ್ತಿಗೇ ಮಟ್ಟೆ ಬಿಡುತ್ತಿಲ್ಲ ಎಂದು ಕಾಯಿ ಸುಲಿಯುವವರು ಗೊಣಗುತ್ತಿದ್ದರಲ್ಲ” ಎಂದರು. ನಮ್ಮ ತಾಯಿ, “ಗೌರಿ ಹಬ್ಬದ ಪೂಜೆಗೆ ತಂದ ಕಾಯಿಯಲ್ಲೇ ಕಲೆ ಇತ್ತು, ಬೇರೆ ಕಾಯಿ ತರಿಸಿದೆ” ಎಂದರು. ಆಗ ಶಾಲೆಗೆ ಹೋಗುತ್ತಿದ್ದ ನನ್ನ ಮಗ ಹೆದರುತ್ತಲೇ, “ಅದಕ್ಕೂ ಮುಂಚೆ ಬೇಸಿಗೆ ರಜದಲ್ಲೇ ನಾನು ನೋಡಿದ್ದೆ. ಗಾಡಿ ಮಾಡಲು ಉದುರಿದ ಹರಳು ಆರಿಸಿ ತೊಟ್ಟು ಕಿತ್ತರೆ ಅಡಿಯಲ್ಲಿ ಬಿಳಿ ಮಚ್ಚೆ ಇರುತ್ತಿತ್ತು” ಎಂದ. “ಆಗಲೇ ಏಕೆ ಹೇಳಲಿಲ್ಲ?” ಎಂದು ಗದರಿದೆ. “ನನ್ನನ್ನು ಯಾರೂ ಕೇಳಲಿಲ್ಲ” ಎಂದ.

ತೋಟದ ಯಜಮಾನ ನಾನು. ಎಲ್ಲರಿಗಿಂತ ಕೊನೆಗೆ ನೋಡಿದವನೂ ನಾನೇ! ಎಲ್ಲರಿಗಿಂತ ಮೊದಲು ನೋಡಿದವನು ಹತ್ತು ವರ್ಷದ ಹುಡುಗ. ಮನೆಯಲ್ಲಿ ನಾಲ್ಕು ಜೊತೆ ಕಣ್ಣಿದ್ದರೂ, ಕಂಡದ್ದನ್ನು ಒಂದು ಕಡೆ ಕೂಡಿಸುವ ಏರ್ಪಾಡು ಇರಲಿಲ್ಲ. ಮಾರನೆಯ ದಿನವೇ ತಿಪಟೂರಿನಿಂದ ಇನ್ನೂರು ಪುಟದ ಗಟ್ಟಿ ರಟ್ಟಿನ ಪುಸ್ತಕವೊಂದನ್ನು ತಂದೆ. ಮೊದಲ ಸಾಲನ್ನು ಮಗನ ಕೈಯಿಂದಲೇ ಬರೆಸಿದೆ.

ಅಟ್ಟದ ಕೊಬ್ಬರಿ ನೋಡಿದ ಮೋಡ

ರಾಗಿ ಬೆಳೆಯುವವನಿಗೆ ದಿನಚರಿ ಇಲ್ಲದಿದ್ದರೂ ಹೇಗೋ ನಡೆಯುತ್ತದೆ. ಬಿತ್ತಿದ್ದು, ಮಳೆ ಬಂದದ್ದು, ಕೊಯ್ದದ್ದು ಎಲ್ಲವೂ ಒಂದೇ ವರ್ಷದ ಮಾತು. ತೆಂಗಿನ ಲೆಕ್ಕ ಹಾಗಲ್ಲ. ಇದನ್ನು ನೀವು ಮನಸ್ಸಿಟ್ಟು ಕೇಳಬೇಕು.

ಮರದ ಸುಳಿಯೊಳಗೆ ಹೊಂಬಾಳೆಯ ಮೊಳಕೆ ಹುಟ್ಟಿದಂದಿನಿಂದ ಅದು ಹೊರಬಂದು ಬಿರಿಯುವುದಕ್ಕೆ ಸುಮಾರು 32 ತಿಂಗಳು ಹಿಡಿಯುತ್ತದೆ. ಬಿರಿದ ಹೊಂಬಾಳೆಯ ಕಾಯಿ ಬಲಿಯುವುದಕ್ಕೆ ಇನ್ನೂ 11ರಿಂದ 12 ತಿಂಗಳು ಬೇಕು. ಒಟ್ಟು ಸುಮಾರು 44 ತಿಂಗಳು, ಅಂದರೆ ಮೂರೂವರೆ ವರ್ಷಕ್ಕೂ ಮೇಲೆ. ಈ ಅವಧಿಯಲ್ಲಿ ಯಾವ ಹಂತದಲ್ಲಿ ನೀರಿನ ಕೊರತೆಯಾದರೂ ಅದರ ಪೆಟ್ಟು ಕಾಯಿಗೆ ತಟ್ಟುತ್ತದೆ. ಒಂದು ವರ್ಷದ ಬರ ಮುಂದಿನ ಎರಡು ಮೂರು ವರ್ಷಗಳ ಫಸಲಿನಲ್ಲಿ ಕಾಣಿಸಿಕೊಳ್ಳುವುದು ಈ ಕಾರಣದಿಂದಲೇ.

ನಮ್ಮ ಸೀಮೆಯವರು ಅದಕ್ಕೆ ಇನ್ನೊಂದು ವರ್ಷವನ್ನೂ ಸೇರಿಸಬೇಕು. ಉಂಡೆ ಕೊಬ್ಬರಿಗಾಗಿ ನಾವು ಕಾಯಿಯನ್ನು ಹತ್ತು ಹನ್ನೆರಡು ತಿಂಗಳು ಅಟ್ಟದ ಮೇಲೆ ಇಡುತ್ತೇವೆ. ಹಾಗಾದರೆ ಈ ದಿನ ನೀವು ಅಟ್ಟದಿಂದ ಇಳಿಸಿದ ಕೊಬ್ಬರಿ ಸುಮಾರು ನಾಲ್ಕೂವರೆ ವರ್ಷದ ಹಿಂದಿನ ಮೋಡ ನೋಡಿ ಹುಟ್ಟಿದ್ದು. ಆ ವರ್ಷ ಹಸ್ತದ ಮಳೆ ಬಂದಿತ್ತೇ? ಬೇಸಿಗೆಯಲ್ಲಿ ಎಷ್ಟು ದಿನ ನೀರು ಹಾಯಿಸಿದಿರಿ? ನಾಲ್ಕೂವರೆ ವರ್ಷದ ಹಿಂದಿನದನ್ನು ಬಾಯಲ್ಲಿ ಹೇಳಬಲ್ಲವರು ನಮ್ಮಲ್ಲಿ ಎಷ್ಟು ಮಂದಿ ಇದ್ದೇವೆ?

ಮೂವತ್ತು ಮರಗಳ ಕಥೆ

ಪುಸ್ತಕದಿಂದ ನನಗಾದ ಒಂದು ಉಪಕಾರವನ್ನು ಹೇಳುತ್ತೇನೆ. 2016ರಲ್ಲಿ ರಾಜ್ಯಕ್ಕೆಲ್ಲ ಬರ ಬಂತು. ಮರುವರ್ಷದ ಬೇಸಿಗೆಯಲ್ಲಿ ನಮ್ಮ ಕೊಳವೆಬಾವಿ ಬತ್ತಿತು. 2017ರ ಹಿಂಗಾರು ಮುಂಗಾರಿಗಿಂತ ಮೊದಲೇ ಬಂತೇನೋ ಎಂಬಂತೆ ಸೆಪ್ಟೆಂಬರಿನಲ್ಲಿ ಮಳೆ ಸುರಿಯಿತು. ಕಟ್ಟೆಗೆ ನೀರು ಬಂತು, ಗರಿ ಹಸಿರಾಯಿತು. ಇನ್ನೇನು, ಮುಂದಿನ ವರ್ಷ ಕಾಯಿ ತುಂಬುತ್ತದೆ ಎಂದುಕೊಂಡೆವು. 2018ರಲ್ಲಿ ಕಾಯಿ ಅರ್ಧಕ್ಕಿಳಿಯಿತು. ಕೆರೆ ಕಡೆಯ ಮೂವತ್ತು ಮರಗಳಲ್ಲಂತೂ ಗೊನೆಗೆ ಎರಡು ಮೂರು ಕಾಯಿ ನಿಂತರೆ ಹೆಚ್ಚು.

ವ್ಯಾಪಾರಿಯೊಬ್ಬರು, “ಮರ ಮುದಿಯಾಗಿದೆ, ಕಡಿದು ಅಡಿಕೆ ಹಾಕಿ” ಎಂದರು. ಒಳ್ಳೆಯ ಮಳೆಯಾದ ಮೇಲೂ ಕಾಯಿ ಬಾರದಿದ್ದರೆ ಅದು ಮರದ ದೋಷವಲ್ಲದೆ ಮತ್ತೇನು ಎಂದು ನನಗೂ ತೋರಿತು. ಮೂವತ್ತು ಮರಗಳಿಗೂ ಸುಣ್ಣದ ಗುರುತು ಹಾಕಿದೆ. ಅಡಿಕೆ ಸಸಿಗೆ ಮುಂಗಡವನ್ನೂ ಕೊಟ್ಟೆ.

ಆ ರಾತ್ರಿ ನಮ್ಮ ಮನೆಯವರು ಪುಸ್ತಕ ತಂದು ಮುಂದಿಟ್ಟರು. “ಕಡಿಯುವುದಾದರೆ ಕಡಿಯಿರಿ. ಇದನ್ನು ಒಂದು ಸಲ ಓದಿ” ಎಂದರು. 2016ರ ಪುಟಗಳಲ್ಲಿ ಮುಂಗಾರಿನ ನಕ್ಷತ್ರಗಳೆಲ್ಲ ಸಾಲಾಗಿ ಇದ್ದವು. ಪ್ರತಿಯೊಂದರ ಮುಂದೆ ‘ತುಂತುರು’, ‘ಇಲ್ಲ’, ‘ಇಲ್ಲ’. 2017ರ ಮಾರ್ಚಿಯಲ್ಲಿ, ‘ಕೆರೆ ಕಡೆಯ ಸಾಲಿಗೆ ನೀರು ತಲುಪಲಿಲ್ಲ’ ಎಂದಿತ್ತು. ಏಪ್ರಿಲಿನಲ್ಲಿ, ‘ಹರಳು ಬಹಳ ಉದುರಿವೆ, ಎರಡು ಬುಟ್ಟಿ ಗುಡಿಸಿದೆ’ ಎಂದು ಸೊಸೆಯ ಅಕ್ಷರ. ಅದಕ್ಕೂ ಹಿಂದಿನ ಪುಸ್ತಕದಲ್ಲಿ ಇದೇ ಮೂವತ್ತು ಮರಗಳ ಕಾಯಿ ತೋಟದಲ್ಲೇ ಹೆಚ್ಚಾಗಿತ್ತು. ಮುದಿಯಾದ ಮರ ಒಂದೇ ವರ್ಷದಲ್ಲಿ ಮುದಿಯಾಗುವುದಿಲ್ಲ. ಪುಸ್ತಕವನ್ನು ಒಬ್ಬ ತಜ್ಞರಿಗೆ ತೋರಿಸಿದೆ. ಅವರು ಆಗಲೇ ನಾನು ಹೇಳಿದ 44 ತಿಂಗಳ ಲೆಕ್ಕವನ್ನು ವಿವರಿಸಿ, “ಬರದ ಪೆಟ್ಟು ಇನ್ನೂ ಮುಗಿದಿಲ್ಲ, ತಡೆಯಿರಿ” ಎಂದರು.

ಆದರೆ ಪುಸ್ತಕ ಇನ್ನೊಂದು ಮಾತನ್ನೂ ಹೇಳಿತ್ತು. ಮೂವತ್ತರಲ್ಲಿ ಏಳು ಮರಗಳ ಬುಡದಲ್ಲಿ ‘ಕಾಂಡದಿಂದ ಕೆಂಪುಗಂದು ರಸ’ ಎಂದು ನಮ್ಮ ಮನೆಯವರು ಮರದ ನಂಬರು ಸಮೇತ ಬರೆದಿದ್ದರು. ಹಸು ಕಟ್ಟಲು ಆ ಕಡೆ ದಿನವೂ ಹೋಗುವವರು ಅವರು. ಅದು ಕಾಂಡ ಸೋರುವ ರೋಗ. ಆ ಏಳಕ್ಕೆ ರೋಗ ತಗುಲಿದ ಭಾಗವನ್ನು ಕೆತ್ತಿ ತೆಗೆದು ಬೋರ್ಡೋ ಮುಲಾಮು ಹಚ್ಚಿದೆವು. ಮೂರು ಉಳಿದವು, ನಾಲ್ಕು ಹೋದವು. ರೋಗವಿಲ್ಲದ ಇಪ್ಪತ್ಮೂರು ಮರಗಳು 2020ರ ಹೊತ್ತಿಗೆ ಮತ್ತೆ ಗೊನೆ ತುಂಬಿದವು. ಸಸಿಯ ಮುಂಗಡ ಹೋಯಿತು, ಹೋಗಲಿ. ಫಲ ಕೊಡುವ ಮರ ಯಾವುದು, ರೋಗದ ಮರ ಯಾವುದು ಎಂದು ಬೇರ್ಪಡಿಸಿ ಹೇಳಿದ್ದು ನನ್ನ ಬುದ್ಧಿಯಲ್ಲ, ಮನೆಯವರು ಬರೆದಿಟ್ಟ ಸಾಲುಗಳು.

ಒಬ್ಬರ ಆಯುಸ್ಸಿಗೆ ಮೀರಿದ ಕೆಲಸ

ನಾಟಿ ತೆಂಗು ಅರವತ್ತು ಎಪ್ಪತ್ತು ವರ್ಷ ಫಲ ಕೊಡುತ್ತದೆ. ನಾನು ನೆಟ್ಟ ಸಸಿಯ ಕೊನೆಯ ಕಾಯಿಯನ್ನು ನಾನು ನೋಡುವುದಿಲ್ಲ. ಆದುದರಿಂದಲೇ ತೆಂಗಿನ ದಿನಚರಿ ಒಬ್ಬ ಮನುಷ್ಯನದಾಗಿರಬಾರದು, ಮನೆಯದಾಗಿರಬೇಕು.

ಹೀಗೆ ಬರೆದ ಒಂದು ಮನೆತನ ಇಂಗ್ಲೆಂಡಿನಲ್ಲಿತ್ತು. ನಾರ್ಫೋಕ್ ಪ್ರಾಂತದ ಸ್ಟ್ರಾಟನ್ ಸ್ಟ್ರಾಲೆಸ್ ಎಂಬ ಹಳ್ಳಿಯ ರಾಬರ್ಟ್ ಮಾರ್ಷಂ ಎಂಬ ಜಮೀನುದಾರರು 1736ರಲ್ಲಿ ವಸಂತದ ಗುರುತುಗಳನ್ನು ಬರೆಯಲು ಆರಂಭಿಸಿದರು. ಯಾವ ಮರ ಯಾವ ದಿನ ಚಿಗುರಿತು, ಯಾವ ಹಕ್ಕಿ ಯಾವ ದಿನ ಬಂತು, ಕಪ್ಪೆ ಯಾವ ದಿನ ಕೂಗಿತು, ಇಷ್ಟೆ. ಅವರು ತೀರಿಕೊಂಡ ಮೇಲೂ ಮಕ್ಕಳು ಮೊಮ್ಮಕ್ಕಳು ತಲೆತಲಾಂತರವಾಗಿ 1958ರವರೆಗೆ ಅದನ್ನು ಮುಂದುವರಿಸಿದರು. ಹವಾಮಾನ ಬದಲಾದಂತೆ ಮರಗಳ ಚಿಗುರು ಹಿಂದುಮುಂದಾಗುವುದನ್ನು ಅರಿಯಲು ಇಂದಿನ ವಿಜ್ಞಾನಿಗಳು ಆ ಪುಸ್ತಕಗಳನ್ನು ಹುಡುಕಿಕೊಂಡು ಹೋದರು. ಬರೆದವರಿಗೆ ಅಂತಹ ಉದ್ದೇಶವೇನೂ ಇರಲಿಲ್ಲ. ದಿನಾಂಕ ಹಾಕಿ ನಿಜ ಬರೆದರು, ಅದು ಉಪಯೋಗಕ್ಕೆ ಬಂತು.

ಏನೇನು ಬರೆಯಬೇಕು?

ಎಲ್ಲವನ್ನೂ ಬರೆಯಲು ಹೋದರೆ ಹದಿನೈದು ದಿನದಲ್ಲಿ ಪುಸ್ತಕ ನಿಂತುಹೋಗುತ್ತದೆ. ನಮ್ಮ ಮನೆಯಲ್ಲಿ ಐದು ವಿಷಯ ಇಟ್ಟುಕೊಂಡಿದ್ದೇವೆ.

1. ಮಳೆ: ನೇರ ಗೋಡೆಯ, ಅಗಲ ಬಾಯಿಯ ಒಂದು ಡಬ್ಬಿಯನ್ನು ಮರದ ನೆರಳು, ಸೂರಿನ ನೀರು ಬೀಳದ ಬಯಲಿನಲ್ಲಿ ಅಲುಗಾಡದಂತೆ ಇಡಿ. ಪ್ರತಿದಿನ ಬೆಳಿಗ್ಗೆ ಎಂಟೂವರೆಗೆ ಒಳಗಿನ ನೀರಿನ ಆಳವನ್ನು ಶಾಲೆಯ ಅಳತೆಪಟ್ಟಿಯಿಂದ ಮಿಲಿಮೀಟರಿನಲ್ಲಿ ಅಳೆದು, ಬರೆದು, ಚೆಲ್ಲಿ. 25 ಮಿ.ಮೀ. ಮಳೆ ಎಂದರೆ ಒಂದು ಎಕರೆಗೆ ಸುಮಾರು ಒಂದು ಲಕ್ಷ ಲೀಟರ್ ನೀರು. ಪಂಚಾಯಿತಿ ಮಟ್ಟದ ಮಳೆಮಾಪಕದ ಲೆಕ್ಕ ಸರ್ಕಾರದಲ್ಲಿ ಸಿಕ್ಕುತ್ತದೆ, ನಿಜ. ಆದರೆ ಕೆರೆ ಏರಿಯ ಆಚೆ ಸುರಿದು ಈಚೆ ಬಾರದ ಮಳೆಯನ್ನು ನೀವೆಲ್ಲ ಕಂಡವರೇ. ದಿನಾಂಕದ ಜೊತೆಗೆ ನಕ್ಷತ್ರವನ್ನೂ ಬರೆಯಿರಿ. ಭರಣಿ, ಆರಿದ್ರಾ, ಹಸ್ತ ಎಂದರೆ ಹಿರಿಯರಿಗೆ ಒಡನೆ ಅರ್ಥವಾಗುತ್ತದೆ. ಒಂದೊಂದು ನಕ್ಷತ್ರಕ್ಕೂ ಹದಿಮೂರು ಹದಿನಾಲ್ಕು ದಿನ ಇರುವುದರಿಂದ ವರ್ಷದಿಂದ ವರ್ಷಕ್ಕೆ ಹೋಲಿಸಲು ಸುಲಭ.

2. ಗಾಳಿ: ಯಾವ ದಿಕ್ಕಿನಿಂದ ಬೀಸಿತು ಎಂದಷ್ಟೇ ಸಾಕು. ನಮ್ಮ ಮೊಮ್ಮಗಳಿಗೆ ದಿಕ್ಕು ಕಲಿಸಿದ್ದು ಇಲ್ಲಿಯ ಕಲ್ಲೇಶ್ವರ ಗುಡಿಯಲ್ಲಿ. ಒಂಬತ್ತನೆಯ ಶತಮಾನದ ನೊಳಂಬರ ಕಾಲದ ಆ ಛಾವಣಿಯಲ್ಲಿ ಕುಣಿಯುವ ಶಿವನ ಸುತ್ತ ಅಷ್ಟದಿಕ್ಪಾಲಕರಿದ್ದಾರೆ. ಪಡುವಣಕ್ಕೆ ವರುಣ, ವಾಯವ್ಯಕ್ಕೆ ವಾಯು ಎಂದು ಒಂದು ಸಲ ತೋರಿಸಿದ್ದನ್ನು ಅವಳು ಮರೆತಿಲ್ಲ.

3. ಹತ್ತು ಮರ: ತೋಟದ ಬೇರೆ ಬೇರೆ ಭಾಗದಿಂದ ಹತ್ತು ಮರ ಆರಿಸಿ ನಂಬರು ಬರೆಯಿರಿ. ತಿಂಗಳಿಗೊಮ್ಮೆ ಹೊಸ ಹೊಂಬಾಳೆ ಬಂತೇ, ಹರಳು ಉದುರಿತೇ, ಗರಿ ಒಣಗಿತೇ ಎಂದು ನೋಡಿ. ಚೆನ್ನಾಗಿರುವ ಮರ ವರ್ಷಕ್ಕೆ ಸುಮಾರು ಹನ್ನೆರಡು ಹೊಂಬಾಳೆ ಬಿಡುತ್ತದೆ. ಕಾಯಿ ಕೆಡವಿದ ದಿನ ಈ ಹತ್ತರ ಕಾಯಿಯನ್ನು ಬೇರೆಯಾಗಿ ಎಣಿಸಿ. ಬೇರೆ ಯಾವ ಮರದಲ್ಲಾದರೂ ಹೊಸ ಗುರುತು ಕಂಡರೆ ಅದಕ್ಕೂ ಒಂದು ನಂಬರು ಕೊಟ್ಟು ಬರೆಯಿರಿ.

4. ಹುಳು: ಹೊಸ ಗುರುತು ಕಂಡ ದಿನವೇ ಬರೆಯಿರಿ. ಮಳೆಗಾಲದ ಮೊದಲ ರಾತ್ರಿಗಳಲ್ಲಿ ದೀಪಕ್ಕೆ ಕೊಂಬಿನ ದುಂಬಿ ಬಂದರೆ, ಅದು ಹುಟ್ಟಿದ್ದು ಯಾರದೋ ತಿಪ್ಪೆಯಲ್ಲಿ. ಮೊದಲು ನಿಮ್ಮದನ್ನೇ ಕೆದಕಿ ನೋಡಿ. ಬೇಸಿಗೆಯಲ್ಲಿ ಕೆಳಗರಿಗಳು ಸುಟ್ಟಂತೆ ಕಂಡರೆ ಗರಿಯ ಅಡಿಭಾಗದಲ್ಲಿ ಕಪ್ಪುತಲೆ ಹುಳುವಿನ ಗೂಡು ಹುಡುಕಿ. ಇದಕ್ಕೆ ಬಿಡುವ ಗೋನಿಯೋಜಸ್ ಎಂಬ ಪರತಂತ್ರ ಜೀವಿ ದೊಡ್ಡ ಹುಳುಗಳನ್ನು ಹಿಡಿಯುತ್ತದೆಯೇ ಹೊರತು ಮೊಟ್ಟೆಯನ್ನಾಗಲಿ ಚಿಟ್ಟೆಯನ್ನಾಗಲಿ ಅಲ್ಲ. ಹುಳು ಯಾವ ಹಂತದಲ್ಲಿದೆ ಎಂದು ನೀವು ಹೇಳಬಲ್ಲಿರಾದರೆ ಬಿಡುಗಡೆ ವ್ಯರ್ಥವಾಗುವುದಿಲ್ಲ. 2016ರಲ್ಲಿ ತಮಿಳುನಾಡಿನ ಪೊಳ್ಳಾಚಿಯಲ್ಲಿ ಕಾಣಿಸಿದ ಸುರುಳಿ ಬಿಳಿನೊಣ ಈಗ ನಮ್ಮಲ್ಲೂ ಇದೆ. ನಮ್ಮ ತೋಟದಲ್ಲಿ ಅದನ್ನು ಮೊದಲು ಕಂಡದ್ದು ಮೊಮ್ಮಗಳು, ತೆಂಗಿನಡಿಯ ಬಾಳೆ ಎಲೆ ಕಪ್ಪಾಗಿದೆ ಎಂದು. ನೊಣದ ಅಂಟಿನ ಮೇಲೆ ಬೆಳೆದ ಬೂಷ್ಟು ಅದು. ಕಂಡೊಡನೆ ವಿಷ ಸಿಂಪಡಿಸಬೇಡಿ. ಅದನ್ನು ತಿನ್ನುವ ಎನ್ಕಾರ್ಸಿಯಾ ಎಂಬ ಸಣ್ಣ ಕಣಜವೂ ಸಾಯುತ್ತದೆ.

5. ನೆರೆಹೊರೆಯ ಜೀವಗಳು: ಬದುವಿನ ಹೊಂಗೆ, ಬೇವು, ಹುಣಸೆ ಹೂಬಿಟ್ಟ ದಿನ; ಗೀಜಗ ಗೂಡು ಹೆಣೆಯಲು ತೊಡಗಿದ ದಿನ; ಈಸಲು ಹುಳು ಎದ್ದ ದಿನ; ಹೆಜ್ಜೇನು ಕಟ್ಟಿದ ದಿನ. ಇದರಿಂದ ಏನು ಲಾಭ ಎಂದು ಕೇಳಬಹುದು. ಜೇನಿಲ್ಲದ ವರ್ಷ ಕಾಯಿಗಟ್ಟುವುದು ಹೇಗಿತ್ತು ಎಂದು ಮುಂದೆ ನೋಡಬೇಕಾದರೆ, ಜೇನು ಇದ್ದ ದಿನಗಳನ್ನು ಈಗ ಬರೆದಿರಬೇಕು.

ಯಾರು ಬರೆಯಬೇಕು?

ಪ್ರತಿಯೊಬ್ಬರೂ. ನಮ್ಮ ಮನೆಯಲ್ಲಿ ರಾತ್ರಿ ಊಟಕ್ಕೆ ಮುಂಚೆ ಐದು ನಿಮಿಷ ಪುಸ್ತಕ ತೆಗೆಯುತ್ತೇವೆ. “ಇವತ್ತು ಏನು ಕಂಡಿರಿ?” ಎಂದು ಮಕ್ಕಳು ಕೇಳುತ್ತಾರೆ, ದೊಡ್ಡವರು ಹೇಳುತ್ತಾರೆ. ನಮ್ಮ ತಾಯಿಗೆ ಓದು ಬರಹ ಬಾರದು. ಆದರೂ ಮೊದಲ ಹನ್ನೆರಡು ವರ್ಷದ ಪುಸ್ತಕಗಳಲ್ಲಿ ಹೆಚ್ಚಿನ ಸಾಲುಗಳು ಅವರವೇ. ‘ಅಜ್ಜಿ ಹೇಳಿದ್ದು’ ಎಂದು ಬರೆದು ನನ್ನ ಮಗ ಅಕ್ಷರ ತಿದ್ದಿಕೊಂಡ. ತೆಂಗಿನ ಮರ ಹತ್ತುವವರು ಬಂದ ದಿನ ಅವರನ್ನೂ ಕೂರಿಸಿ ಕಾಫಿ ಕೊಟ್ಟು ಕೇಳಿ. ಸುಳಿಯನ್ನು ಕಣ್ಣೆದುರಿಗೇ ನೋಡುವವರು ಅವರೊಬ್ಬರೇ.

ಎರಡು ನಿಯಮಗಳನ್ನು ಬಿಡಬೇಡಿ. ಮೊದಲನೆಯದು, ಕಂಡದ್ದು ಬೇರೆ, ಕೇಳಿದ್ದು ಬೇರೆ, ಊಹಿಸಿದ್ದು ಬೇರೆ. ಯಾವುದೆಂದು ಸ್ಪಷ್ಟವಾಗಿ ಬರೆಯಿರಿ. ಎರಡನೆಯದು, ಮಗು ಹೇಳಿದ್ದನ್ನು ದೊಡ್ಡವರು ಹೊಡೆದುಹಾಕಬಾರದು. ತಪ್ಪೆನಿಸಿದರೆ ಮಾರನೆಯ ದಿನ ಇಬ್ಬರೂ ಹೋಗಿ ನೋಡಿ, ಕೆಳಗೆ ಇನ್ನೊಂದು ಸಾಲು ಬರೆಯಿರಿ.

ಹಿರಿಯರ ಮಾತನ್ನೂ ಹೀಗೆಯೇ ಒರೆಗೆ ಹಚ್ಚಬಹುದು. ಗೀಜಗ ಎತ್ತರಕ್ಕೆ ಗೂಡು ಕಟ್ಟಿದರೆ ಆ ವರ್ಷ ಮಳೆ ಹೆಚ್ಚು ಎಂದು ನಮ್ಮ ತಾಯಿ ನಂಬಿದ್ದರು. ಬಾವಿಯ ಮೇಲಿನ ಮರದಲ್ಲಿ ಗೂಡಿನ ಎತ್ತರವನ್ನು ವರ್ಷಾವರ್ಷ ಬರೆದೆವು. ಕೆಲವು ವರ್ಷ ಹೊಂದಿತು, ಕೆಲವು ವರ್ಷ ಹೊಂದಲಿಲ್ಲ. “ಹಾಗಾದರೆ ಅದನ್ನು ನಂಬಿ ಬಿತ್ತಬೇಡ” ಎಂದು ಅವರೇ ಹೇಳಿದರು. ಈಸಲು ಎದ್ದರೆ ನೆಲ ಹದವಾಗಿದೆ ಎಂಬ ಅವರ ಇನ್ನೊಂದು ಮಾತು ನಮ್ಮ ಮಟ್ಟಿಗೆ ಇದುವರೆಗೆ ತಪ್ಪಿಲ್ಲ.

ಇಂದಿನ ಮಕ್ಕಳು ಮೊಬೈಲಿನಲ್ಲಿ ಫೋಟೋ ತೆಗೆಯುತ್ತಾರೆ. ತೆಗೆಯಲಿ, ಹುಳುವಿನ ಹೆಸರು ತಿಳಿಯಲು ಅದು ಒಳ್ಳೆಯ ಸಾಧನ. ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋದಾಗ ತೋರಿಸಲೂ ಬರುತ್ತದೆ. ಆದರೆ ಮೊಬೈಲು ಮೂರು ವರ್ಷಕ್ಕೆ ಹಾಳಾಗುತ್ತದೆ, ತೆಂಗಿನ ಲೆಕ್ಕ ಅದಕ್ಕಿಂತ ಉದ್ದ. ಪುಸ್ತಕದಲ್ಲೂ ಒಂದು ಸಾಲು ಇರಲಿ.

ಊರಿಗೂ ಉಪಯೋಗ

2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನ ಗಿಡ, ಮರ, ಪ್ರಾಣಿ, ಪಕ್ಷಿ, ನಾಟಿ ತಳಿಗಳ ದಾಖಲೆಯನ್ನು ಅದು ಇಡಬೇಕು. ಆ ದಾಖಲೆ ಒಂದೆರಡು ದಿನ ಬಂದು ಹೋಗುವವರ ಪಟ್ಟಿಯಾಗದೆ ಬದುಕಿದ ಊರಿನ ಪಟ್ಟಿಯಾಗಬೇಕಾದರೆ ಹತ್ತು ಮನೆಗಳ ದಿನಚರಿ ಬೇಕು. ನಮ್ಮ ಜಿಲ್ಲೆಯಲ್ಲೇ ಸಿರಾ ತಾಲ್ಲೂಕಿನ ಕಗ್ಗಲಡು ಗ್ರಾಮದಲ್ಲಿ ಮನೆಗಳ ನಡುವಿನ ಹುಣಸೆ ಮರಗಳಲ್ಲಿ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಜನ ಅವುಗಳನ್ನು ತಮ್ಮವೆಂದೇ ಕಾಯುತ್ತಾರೆ. ಅವು ಎಂದು ಬಂದವು, ಎಂದು ಹೋದವು ಎಂದು ಅಂತಹ ಊರಿನವರಿಗಿಂತ ಚೆನ್ನಾಗಿ ಯಾರು ಬರೆಯಬಲ್ಲರು?

ನನ್ನ ತಪ್ಪೊಂದನ್ನು ಹೇಳಿ ಮುಗಿಸುತ್ತೇನೆ. 2012ರಲ್ಲಿ ನಮ್ಮ ತಾಯಿ ತೀರಿಕೊಂಡರು. ಅವರು ಹೇಳಿ ಬರೆಸಿದ ಕೊನೆಯ ಸಾಲು, ‘ಬೇವು ಈ ಸಲ ಬೇಗ ಹೂ ಬಿಟ್ಟಿದೆ’ ಎಂದು. ಆಮೇಲೆ ನಾಲ್ಕು ತಿಂಗಳು ಯಾರಿಗೂ ಪುಸ್ತಕ ತೆಗೆಯಲು ಮನಸ್ಸಾಗಲಿಲ್ಲ. ಆ ಪುಟಗಳು ಖಾಲಿ ಇವೆ. ಆ ವರ್ಷದ ಮಳೆ ಯಾವಾಗ ಬಂತು, ಮರ ಹೇಗಿತ್ತು ಎಂದು ಯಾರಾದರೂ ಕೇಳಿದರೆ ಇಂದಿಗೂ ನನ್ನಲ್ಲಿ ಉತ್ತರವಿಲ್ಲ. ಮತ್ತೆ ಆರಂಭಿಸಿದವನು ನನ್ನ ಮಗ. ಬೇವು ಮರುವರ್ಷ ಎಂದು ಹೂ ಬಿಟ್ಟಿತು ಎಂದು ಬರೆದು, ಅಜ್ಜಿಯ ಸಾಲಿನ ಪುಟದ ಸಂಖ್ಯೆಯನ್ನು ಪಕ್ಕದಲ್ಲಿ ಹಾಕಿದ. ಅಲ್ಲಿಂದೀಚೆಗೆ ಬೇವಿನ ದಿನಾಂಕ ಒಂದು ವರ್ಷವೂ ತಪ್ಪಿಲ್ಲ.

ರೈತ ಬಂಧುಗಳೇ, ಹೊಸ ವರ್ಷಕ್ಕಾಗಲಿ ಯುಗಾದಿಗಾಗಲಿ ಕಾಯಬೇಡಿ. ಮನೆಗೆ ಹೋಗುವ ದಾರಿಯಲ್ಲಿ ಒಂದು ಪುಸ್ತಕ ಕೊಳ್ಳಿ. ಈ ರಾತ್ರಿ ಮನೆಯ ಅತಿ ಚಿಕ್ಕವರನ್ನು ಮೊದಲು ಕೇಳಿ, ತೋಟದಲ್ಲಿ ಏನು ಕಂಡಿರಿ ಎಂದು. ಅವರು ಹೇಳಿದ್ದನ್ನು ದಿನಾಂಕ ಹಾಕಿ ಬರೆಯಿರಿ.